ಯಲಗೂರಪ್ಪನ ರೇರಾ ನಂಬರು

ನಮ್ಮ ಬಬಲೇಶ್ವರದಲ್ಲಿ ಈಗ ಹತ್ತು ಜನ ಸೇರಿದರೆ ಅದರಲ್ಲಿ ಮೂವರು ಸೈಟಿನ ದಲ್ಲಾಳಿಗಳು. ಚಹಾದಂಗಡಿಯವನ ಹತ್ತಿರ ಸೈಟು ಇದೆ. ಟ್ರ್ಯಾಕ್ಟರ್ ಹೊಡೆಯುವವನ ಹತ್ತಿರ ಸೈಟು ಇದೆ. ನಮ್ಮ ಮನೆಯವರು ಕಟಿಂಗ್ ಅಂಗಡಿಗೆ ಹೋದರೆ, ತಲೆ ಬಗ್ಗಿಸಿ ಕೂತಿದ್ದಾಗಲೇ ಕಟಿಂಗ್ ಮಾಡುವವನು ಕಿವಿಯ ಹತ್ತಿರ ಬಂದು "ಟಿಕೋಟಾ ರೋಡಿಗಿ ಒಂದು ಚಲೋ ಪ್ಲಾಟ್ ಐತ್ರಿ ಸಾಹೇಬ್ರ" ಎನ್ನುತ್ತಾನಂತೆ. ಕುತ್ತಿಗೆಯ ಮೇಲೆ ಕತ್ತಿ ಇರುವಾಗ ಯಾರು ಬೇಡ ಅಂತಾರೆ! ವಿಜಯಪುರ ಬೆಳೆಯುತ್ತಿದೆ, ಬೆಳೆಯಲಿ. ನನ್ನ ಸಿಟ್ಟು ಅದಕ್ಕಲ್ಲ. ಸೈಟು ತೋರಿಸಲು ಬಂದವನಿಗೆ "ಈ ಕೆಲಸ ಮಾಡಾಕ ನಿನಗ ಪರವಾನಗಿ ಐತೇನಪ್ಪಾ?" ಎಂದು ಒಬ್ಬರೂ ಕೇಳುವುದಿಲ್ಲವಲ್ಲ, ಅದಕ್ಕೆ.

ನಾನು ಶೈಲಾ. ಬಬಲೇಶ್ವರ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಆನ್‌ಲೈನ್ ಅಂಗಡಿ. ಹೊಲದ ಪಹಣಿ ಉತಾರ ತೆಗೆದುಕೊಡುತ್ತೇನೆ, ಪಿಂಚಣಿ ಅರ್ಜಿ ತುಂಬುತ್ತೇನೆ, ಜೆರಾಕ್ಸ್ ಮಾಡುತ್ತೇನೆ, ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡು ಮುದ್ರಿಸಿಕೊಡುತ್ತೇನೆ. ನಮ್ಮ ಮಹಿಳಾ ಸಂಘದ ಸಭೆಯಲ್ಲಿ ಓದಲು ಬರೆದ ಈ ಕಥೆಯಲ್ಲಿ ನನ್ನದೂ ಒಂದು ತಪ್ಪಿದೆ. ಅದನ್ನು ಮುಚ್ಚಿಟ್ಟು ನಿಮಗೆ ಬುದ್ಧಿ ಹೇಳಲು ನನಗೆ ನಾಚಿಕೆಯಾಗುತ್ತದೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಹೋದ ವರ್ಷ ಯುಗಾದಿ ಮುಗಿದ ಮೇಲಿನ ಮಾತು. ಮಧ್ಯಾಹ್ನ ಬಿಸಿಲಿನಲ್ಲಿ ಯಲಗೂರಪ್ಪಣ್ಣ ಅಂಗಡಿಗೆ ಬಂದ. ಮಮದಾಪುರದವನು. ಇಪ್ಪತ್ತು ವರ್ಷ ಕುರಿ ಸಂತೆಯಲ್ಲಿ ದಲಾಲಿ ಮಾಡಿದ ಮನುಷ್ಯ. ಕುರಿಯ ಬೆನ್ನು ಒತ್ತಿ ತೂಕ ಹೇಳುತ್ತಿದ್ದ, ತುಟಿ ಎತ್ತಿ ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ. ಅವನ ಮಾತು ಸುಳ್ಳಾಯಿತು ಎಂದು ಯಾರೂ ಅಂದದ್ದು ನಾನು ಕೇಳಿಲ್ಲ. ಎರಡು ವರ್ಷದಿಂದ ಕುರಿ ಬಿಟ್ಟು ಸೈಟು ಹಿಡಿದಿದ್ದ.

"ಶೈಲವ್ವಾ, ಐನೂರು ಕಾರ್ಡ್ ಹೊಡದ ಕೊಡವಾ. ಹೋದ ಸಲದ್ದು ಖರ್ಚ ಆದ್ವು. ಈ ಸಲ ಅಕ್ಷರ ಬಂಗಾರ ಬಣ್ಣದಾಗ ಇರ್ಲಿ."

"ಏನೇನ ಬರೀಲ್ರಿ ಅಣ್ಣಾರ?"

"ಯಲಗೂರಪ್ಪ, ಮಮದಾಪುರ. ಅದರ ಕೆಳಗ ರಿಯಲ್ ಎಸ್ಟೇಟ್ ಏಜೆಂಟ್. ಅದರ ಕೆಳಗ ನನ್ನ ನಂಬರ."

"ಇನ್ನೊಂದ ನಂಬರ ಬೇಕಲ್ರಿ."

"ನನ್ನ ಹೇಣ್ತಿದು ಬ್ಯಾಡವಾ. ಆಕಿ ಫೋನ್ ಎತ್ತೂದ ಇಲ್ಲ."

"ಫೋನ್ ನಂಬರ ಅಲ್ರಿ. ರೇರಾ ನಂಬರ."

ಯಲಗೂರಪ್ಪಣ್ಣ ಟವೆಲಿನಿಂದ ಮುಖ ಒರೆಸಿಕೊಂಡು ನಕ್ಕ. "ಅದೇನ ಹೊಸಾದು ತಗದಿ? ಹೋದ ಸಲ ನೀನ ಅಲ್ಲೇನು ಕಾರ್ಡ್ ಹೊಡದಾಕಿ? ಆವಾಗ ಎಲ್ಲಿತ್ತವಾ ಈ ರೇರಾ?"

ಇದೇ ನೋಡಿ ನನ್ನ ತಪ್ಪು. ಹೋದ ಸಲ ನಾನೇ ಹೊಡೆದುಕೊಟ್ಟಿದ್ದೆ. ಅವನು ಮಾರಿಸುತ್ತಿದ್ದ ಲೇಔಟಿನ ಸಾವಿರ ಹಸಿರು ಹ್ಯಾಂಡ್‌ಬಿಲ್ಲನ್ನೂ ನಾನೇ ಮುದ್ರಿಸಿದ್ದೆ. ಆಗ ನನಗೂ ಗೊತ್ತಿರಲಿಲ್ಲ. ಗೊತ್ತಾದದ್ದು ವಿಜಯಪುರದ ಇಮ್ರಾನಭಾಯಿ ಏಜೆಂಟ್ ನೋಂದಣಿಗೆ ಅರ್ಜಿ ತುಂಬಿಸಲು ಬಂದಾಗ. ಅರ್ಜಿ ತುಂಬುವವಳಿಗೆ ನಿಯಮ ಓದದೆ ಗತ್ಯಂತರವಿಲ್ಲ. ಓದುತ್ತಾ ಹೋದಂತೆ ನಾನೇ ಹೊಡೆದುಕೊಟ್ಟ ಆ ಕಾರ್ಡುಗಳು ನೆನಪಾದವು.

"ಆವಾಗ ನನಗೂ ತಿಳಿದಿರ್ಲಿಲ್ರಿ ಅಣ್ಣಾರ. ಈಗ ತಿಳಕೊಂಡೀನಿ, ಕೇಳ್ರಿ. ರೇರಾ ಅಂದ್ರ ಸೈಟು, ಫ್ಲಾಟು ಮಾರೋ ವ್ಯವಹಾರದ ಮ್ಯಾಲ ನಿಗಾ ಇಡಾಕ ಸರ್ಕಾರ ಮಾಡಿದ ಪ್ರಾಧಿಕಾರ. ಲೇಔಟ್ ಹಾಕಾವ ಮೊದಲ ಅಲ್ಲಿ ಲೇಔಟ್ ನೋಂದಣಿ ಮಾಡಸಬೇಕು. ಅದನ್ನ ಮಾರಿಸಿಕೊಡೋ ಏಜೆಂಟ್ ತನ್ನ ಹೆಸರ ಬ್ಯಾರೇನ ನೋಂದಣಿ ಮಾಡಸಬೇಕು. ನೋಂದಣಿ ಆದಾವ, ನೋಂದಣಿ ಆಗದ ಲೇಔಟಿನ ಸೈಟ್ ಮಾರಿಸೂ ಹಂಗಿಲ್ಲ. ಕಾಯ್ದೆ ಬಂದು ಭಾಳ ವರ್ಷ ಆತ್ರಿ. ನಾವ ನಿದ್ದಿ ಮಾಡೀವಿ."

"ಏ ತಂಗಿ, ಅದು ಬೆಂಗಳೂರಾಗ ಇಪ್ಪತ್ತು ಮಾಳಿಗಿ ಕಟ್ಟೋರಿಗಿ. ನನಗ್ಯಾಕ? ಇಪ್ಪತ್ತು ವರ್ಷ ಕುರಿ ಮಾರಸೀನಿ, ಯಾವ ಮಗಾ ನನಗ ಲೈಸೆನ್ಸ್ ಕೇಳ್ಯಾನ?"

"ಕುರಿಗಿ ಯಾರೂ ಕೇಳಂಗಿಲ್ರಿ. ಹೊಲಾನ ಹೊಲಾ ಅಂತ ಮಾರಿದ್ರೂ ರೇರಾ ಕೇಳಂಗಿಲ್ಲ. ಆದ್ರ ಹೊಲ ಎನ್ಎ, ಅಂದ್ರ ಕೃಷಿಯೇತರ ಮಾಡಿಸಿ, ಕಲ್ಲ ನೆಟ್ಟು, ರಸ್ತಾ ತಗದು ಸೈಟ್ ಮಾಡಿ ಮಾರಾಕತ್ತರು ಅಂದ್ರ ಕೇಳತೈತಿ. ಐನೂರು ಚದರ ಮೀಟರ್ ದಾಟಿದ್ರ ಸಾಕು. ನಮ್ಮ ಲೆಕ್ಕದಾಗ ಐದು ಗುಂಟೆ ಆಸುಪಾಸು. ನಿಮ್ಮ ಲೇಔಟ್ ಎಷ್ಟೈತಿ?"

"ಎಂಟ ಎಕರೆ," ಎಂದ ಯಲಗೂರಪ್ಪಣ್ಣ. ದನಿ ಸ್ವಲ್ಪ ಇಳಿದಿತ್ತು.

"ಹಂಗಾರ ಕುಂಡ್ರ್ರಿ ಇಲ್ಲಿ, ನೋಡೂನು."

ಕುರ್ಚಿ ಎಳೆದು ಕೂರಿಸಿ, ಕಂಪ್ಯೂಟರಿನಲ್ಲಿ ಕರ್ನಾಟಕ ರೇರಾ ಜಾಲತಾಣ ತೆಗೆದೆ. ವಿಜಯಪುರ ಜಿಲ್ಲೆ ಒತ್ತಿದೆ. ನೋಂದಣಿಯಾದ ಲೇಔಟುಗಳ ಪಟ್ಟಿ ಬಂತು. ಟಿಕೋಟಾ ರಸ್ತೆಯಲ್ಲಿ ಚೇತನಕುಮಾರ ಎಂಬುವವರು ಹಾಕಿದ್ದ ಆ ಲೇಔಟಿನ ಹೆಸರು ಹಾಕಿ ಹುಡುಕಿದೆ. ಮಾಲೀಕರ ಹೆಸರು ಹಾಕಿ ಹುಡುಕಿದೆ. ಏನೂ ಇಲ್ಲ.

"ಅರ್ಜಿ ಹಾಕ್ಯಾರಂತವಾ. ನಿಂದ ಕಂಪ್ಯೂಟರ್ ಹಳೇದು, ಬಂದಿರಾಕಿಲ್ಲ."

"ನನ್ನ ಕಂಪ್ಯೂಟರಿಗಿ ಯಾಕ ಬೈತೀರಿ? ಮಾಲೀಕರಿಗೇ ಫೋನ್ ಹಚ್ಚ್ರಿ."

ಹಚ್ಚಿದ. ಸ್ಪೀಕರ್ ಮೇಲೆ ಇಡಿಸಿದೆ. ಆ ಕಡೆಯಿಂದ ಚೇತನಕುಮಾರರ ದನಿ ಬೆಣ್ಣೆಯಂತೆ ಬಂತು. "ಯಲಗೂರಪ್ಪನವ್ರ, ನಂಬರ ಇವತ್ತಲ್ಲ ನಾಳೆ ಬರ್ತದ. ಬಂತಂದ್ರ ರೇಟ್ ಡಬಲ್ ಆಗ್ತದ. ಅದ್ಕ ನಂಬರ ಬರೂಕಿಂತ ಮೊದಲ ನಿಮ್ಮವರಿಗೆ ಬುಕ್ ಮಾಡಸ್ರಿ. ನಿಮ್ಮ ಮ್ಯಾಲಿನ ಪ್ರೀತಿಗೆ ಹೇಳಾಕತ್ತೀನಿ."

ಯಲಗೂರಪ್ಪಣ್ಣನ ಮುಖ ಅರಳಿತು. "ಕೇಳಿದೇನ? ರೇಟ್ ಡಬಲ್ ಆಗತೈತಂತ! ಅದ್ಕ ನಾ ನಮ್ಮ ಅಕ್ಕಗ ಹೇಳೀನಿ, ಲಗೂ ಮಾಡು ಅಂತ."

"ಯಾವ ಅಕ್ಕ? ರಾಚಕ್ಕಾರಾ?"

"ಮತ್ಯಾರವಾ? ನನಗ ಇರಾಕಿ ಆಕಿ ಒಬ್ಬಾಕೆ. ಆಕಿ ಮೂವತ್ತು–ನಲವತ್ತರ ಒಂದು ಸೈಟ್ ಹಿಡದಾಳ. ಬರೋ ಅಮಾಸಿ ದಿನ ಮುಂಜಾನೆ ಭಂಡಾರ ಮುಟ್ಟಿ ಮಾತು ಪಕ್ಕಾ ಮಾಡೂದು, ಮಧ್ಯಾಹ್ನ ಕುರಿ ವ್ಯಾಪಾರಿ ಸೈಫುದ್ದೀನನ ಗಾಡಿ ಬಂದು ಕುರಿ ಒಯ್ಯೂದು. ಎಲ್ಲಾ ಠರಾವ ಆಗೈತಿ."

ರಾಚವ್ವನನ್ನು ನಾನು ಬಲ್ಲೆ. ಗಂಡ ತೀರಿ ಹನ್ನೆರಡು ವರ್ಷ. ಅರವತ್ತು ಕುರಿಗಳ ಹಿಂಡು ಕಟ್ಟಿಕೊಂಡು ಮಗಳು ಸುಧಾರಾಣಿಯನ್ನು ಓದಿಸಿದವಳು. ಮಗಳು ಈಗ ವಿಜಯಪುರದ ಒಂದು ದವಾಖಾನೆಯಲ್ಲಿ ರಕ್ತ ತಪಾಸಣೆಯ ಕೆಲಸ ಮಾಡುತ್ತಾಳೆ, ದಿನಾ ಬಸ್ಸಿಗೆ ಓಡಾಡುತ್ತಾಳೆ. ರಾಚವ್ವನ ಮೊಣಕಾಲು ಕುರಿಯ ಹಿಂದೆ ನಡೆಯಲು ಕೇಳುತ್ತಿಲ್ಲ. ವಿಜಯಪುರದ ಸಮೀಪ ಎರಡು ಕೋಣೆ ಕಟ್ಟಿಕೊಂಡು ಮಗಳ ಜೊತೆ ಇರಬೇಕೆಂಬುದು ಅವಳ ಆಸೆ. ಆ ಹಿಂಡು ಹೋದರೆ ಅವಳ ಕೈಯಲ್ಲಿ ಮತ್ತೇನೂ ಇಲ್ಲ.

"ಅಣ್ಣಾರ, ಕುರಿ ಮಾರಬ್ಯಾಡ ಅಂತ ಹೇಳ್ರಿ. ಲೇಔಟಿಗಿ ನಂಬರಿಲ್ಲ, ನಿಮಗೂ ನಂಬರಿಲ್ಲ. ನಾಳೆ ಏನಾರ ಆದ್ರ ಆಕಿ ಯಾರ ಕೊಳ್ಳಾಗ ಬೀಳಬೇಕು?"

ಯಲಗೂರಪ್ಪಣ್ಣ ಎದ್ದೇ ನಿಂತ. "ನಾ ಭಂಡಾರ ಮುಟ್ಟಾಂವ ಅದೀನಿ. ನಮ್ಮ ಮಂದ್ಯಾಗ ಭಂಡಾರಕ್ಕಿಂತ ದೊಡ್ಡ ನಂಬರ ಇಲ್ಲ. ಕಾರ್ಡ್ ಹೊಡಿತೀಯೋ ಇಲ್ಲೋ?"

"ನಂಬರಿಲ್ದ ಹೊಡ್ಯಂಗಿಲ್ರಿ."

"ಬಿಡು. ವಿಜಯಪುರದಾಗ ನೂರು ಪ್ರಿಂಟಿಂಗ್ ಅಂಗಡಿ ಅದಾವ." ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೋಗಿಯೇಬಿಟ್ಟ.

ಭಂಡಾರ ಎಂದರೆ ದೇವರ ಅರಿಶಿಣ. ಕುರಿ ಸಾಕುವ ನಮ್ಮ ಕಡೆಯ ಜನ ದೊಡ್ಡ ವ್ಯವಹಾರವನ್ನು ಅದನ್ನು ಮುಟ್ಟಿಯೇ ಪಕ್ಕಾ ಮಾಡುತ್ತಾರೆ. ಒಮ್ಮೆ ತಾಟಿನಲ್ಲಿ ಭಂಡಾರ ಬಂತೆಂದರೆ ಮುಗಿಯಿತು, ಅದಾದ ಮೇಲೆ ಯಾರೂ ಏನೂ ಕೇಳುವಂತಿಲ್ಲ. ಕೇಳಿದರೆ ದೇವರ ಮೇಲೆ ಅನುಮಾನ ಪಟ್ಟಂತೆ. ನಾನು ಆ ಪದ್ಧತಿಯನ್ನು ಹಗುರ ಮಾಡಿ ಮಾತಾಡುವುದಿಲ್ಲ. ಅದರ ಮೇಲೆ ಎಷ್ಟೋ ಸಂಸಾರಗಳು ಮೋಸವಿಲ್ಲದೆ ನಡೆದಿವೆ. ಆದರೆ ಚೇತನಕುಮಾರರಂಥವರಿಗೆ ಇದು ಚೆನ್ನಾಗಿ ಗೊತ್ತು. ಕಾಗದ ಕೇಳದ ಜನ ಎಲ್ಲಿದ್ದಾರೆ ಎಂದು ಹುಡುಕಿಕೊಂಡೇ ಅವರು ಯಲಗೂರಪ್ಪಣ್ಣನಂಥವನನ್ನು ಹಿಡಿಯುತ್ತಾರೆ.

ನಾಲ್ಕು ದಿನ ಅನ್ನ ರುಚಿಸಲಿಲ್ಲ. ನಾನು ಮುದ್ರಿಸಿದ ಹಸಿರು ಹ್ಯಾಂಡ್‌ಬಿಲ್ಲು ಬಸ್ ಸ್ಟ್ಯಾಂಡಿನ ಕಂಬಕ್ಕೆ ಇನ್ನೂ ಅಂಟಿಕೊಂಡಿತ್ತು, ಅಂಗಡಿ ತೆರೆದರೆ ಕಣ್ಣಿಗೆ ಅದೇ ಕಾಣುತ್ತಿತ್ತು. ನಮ್ಮ ಮನೆಯವರು, "ಅವರವರ ಮನಿ ವ್ಯವಹಾರ, ನಿನಗ್ಯಾಕ ಊರ ಉಸಾಬರಿ?" ಎಂದರು. "ಹ್ಯಾಂಡ್‌ಬಿಲ್ ಹೊಡದ ರೊಕ್ಕ ಎಣಿಸಿಕೊಳ್ಳಾಗ ಉಸಾಬರಿ ಆಗಲಿಲ್ಲೇನು?" ಎಂದು ನಾನು ಕೇಳಿದೆ. ಅಮಾವಾಸ್ಯೆಯ ದಿನ ಅಂಗಡಿಗೆ ಬೀಗ ಹಾಕಿ ಮಮದಾಪುರದ ಮೊದಲ ಬಸ್ಸು ಹತ್ತಿದೆ.

ರಾಚವ್ವನ ಮನೆ ಕೆರೆಯ ಕಡೆಗೆ. ಅಂಗಳ ಸಾರಿಸಿತ್ತು. ಹಟ್ಟಿಯಲ್ಲಿ ಕುರಿಗಳು ಗಿಜಿಗುಟ್ಟುತ್ತಿದ್ದವು. ಮಾರುವ ಕುರಿಗಳಿಗೆ ನೀಲಿ ಬಣ್ಣದ ಗುರುತು ಹಾಕಿದ್ದರು, ಎಣಿಸಿ ನೋಡಬೇಕಾಗಿರಲಿಲ್ಲ, ಎಲ್ಲಕ್ಕೂ ನೀಲಿ ಇತ್ತು. ಯಲಗೂರಪ್ಪಣ್ಣ ಬಿಳಿ ಅಂಗಿ ತೊಟ್ಟು ಕಂಬಳಿಯ ಮೇಲೆ ಕೂತಿದ್ದ. ನನ್ನನ್ನು ಕಂಡವನೇ ಮುಖ ಆ ಕಡೆ ತಿರುಗಿಸಿದ.

"ಬಾ ಯವ್ವಾ ಶೈಲಾ, ಚಲೋ ದಿನಾನ ಬಂದಿ," ಎಂದು ರಾಚವ್ವ ನನ್ನ ಕೈ ಹಿಡಿದು ಕೂರಿಸಿದಳು. ಅವಳ ಮುಖದಲ್ಲಿ ಸಂತೋಷ ತುಳುಕುತ್ತಿತ್ತು. "ನಮ್ಮ ತಮ್ಮ ನನಗ ಮನಿ ಮಾಡಿ ಕೊಡಾಕತ್ತಾನ. ಇನ್ನ ಮ್ಯಾಲ ನನ್ನ ಮಗಳು ಬಸ್ಸಿನ್ಯಾಗ ಜೋತಾಡೂದು ತಪ್ಪತೈತಿ."

ಚಹಾ ಬಂತು, ಕುಡಿದೆ. ಆಮೇಲೆ ರಾಚವ್ವ ಒಳಗಿನಿಂದ ಭಂಡಾರದ ತಾಟು ತಂದು ತಮ್ಮನ ಮುಂದೆ ಇಟ್ಟಳು. ಆಗ ಬಾಗಿಲಲ್ಲಿ ನಿಂತಿದ್ದ ಸುಧಾರಾಣಿ ಮೆಲ್ಲಗೆ ಬಾಯಿ ಬಿಟ್ಟಳು.

"ಮಾವಾ, ಆ ಜಾಗಾದ ಕಾಗದಾ ಒಮ್ಮೆ ನೋಡಬೇಕಾಗಿತ್ತಲ್ರಿ."

"ಏ ಬೇ!" ರಾಚವ್ವ ಸಿಡಿದಳು. "ಭಂಡಾರ ಮುಂದಿಟ್ಟು ಕಾಗದಾ ಕೇಳ್ತಿಯೇನ? ನಾಕ ಅಕ್ಷರ ಕಲ್ತಿದ್ದಕ್ಕ ದೇವ್ರ ಮ್ಯಾಲ ಅನಮಾನ ಪಡಾಕತ್ತಿ? ನಡಿ ಒಳಗ!"

ಇನ್ನು ಸುಮ್ಮನಿದ್ದರೆ ನಾನು ಬಂದದ್ದೇ ವ್ಯರ್ಥ. "ಅಕ್ಕಾರ, ಹುಡುಗಿ ದೇವ್ರನ್ನ ಕೇಳಿಲ್ರಿ. ಅಣ್ಣಾರ್ನ ಕೇಳ್ಯಾಳ," ಎಂದೆ. ಯಲಗೂರಪ್ಪಣ್ಣನ ಕಡೆ ತಿರುಗಿದೆ. "ಅಣ್ಣಾರ, ನಾ ಬ್ಯಾರೆ ಏನೂ ಕೇಳಂಗಿಲ್ಲ. ಕುರಿ ಮಾರಿಸುವಾಗ ಭಂಡಾರ ಮುಟ್ಟಿ ಏನಂತೀರಿ, ಅಷ್ಟ ಹೇಳ್ರಿ."

ಅವನು ಬಿಗಿದ ಮುಖದಲ್ಲೇ ಹೇಳಿದ. "ಎಲ್ಲಾರಿಗೂ ಗೊತ್ತೈತಿ. ನಾ ನೋಡೀನಿ. ಜಡ್ಡಿಲ್ಲ. ಕಳುವಿನ ಮಾಲಲ್ಲ. ತಪ್ಪಿದ್ರ ನನ್ನ ಮ್ಯಾಲ."

"ಅದನ್ನ ಈಗ ಸೈಟಿಗಿ ಹೇಳ್ರಿ. ಕಾಗದಾ ನಾ ನೋಡೀನಿ, ಲೇಔಟ್ ನೋಂದಣಿ ಆಗೈತಿ, ಜಾಗಾದ ಮ್ಯಾಲ ತಂಟೆ ಇಲ್ಲ ಅಂತ ಹೇಳಿ ಮುಟ್ಟ್ರಿ. ನಾ ಎದ್ದ ಹೋಗ್ತೀನಿ."

ಯಲಗೂರಪ್ಪಣ್ಣ ಕೈ ಮುಂದೆ ಮಾಡಿದ. ಬೆರಳು ತಾಟಿನ ಅಂಚಿನವರೆಗೆ ಬಂತು. "ನಾ..." ಎಂದ. ಹಟ್ಟಿಯಲ್ಲಿ ಒಂದು ಮರಿ ಒದರಿಕೊಳ್ಳುತ್ತಿತ್ತು. ಕುರಿಯ ವಿಷಯದಲ್ಲಿ ಒಂದು ದಿನವೂ ಸುಳ್ಳು ಹೇಳದ ಬಾಯಿ ಅದು. ಈಗ ಅದಕ್ಕೆ ಸುಳ್ಳು ಹೇಳಲು ಬರಲಿಲ್ಲ. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

"ಅಕ್ಕಾ, ಕಾಗದಾ ನಾ ನೋಡಿಲ್ಲ. ಅವರು ಹೇಳಿದ್ದನ್ನ ನಿನಗ ಹೇಳೀನಿ."

ರಾಚವ್ವ ತಾಟನ್ನು ಅವನ ಮುಂದಿನಿಂದ ಎತ್ತಿಕೊಂಡಳು.

"ಇನ್ನೂ ಒಂದೈತಿ," ಎಂದ ಯಲಗೂರಪ್ಪಣ್ಣ ತಲೆ ಎತ್ತದೆ. "ಹತ್ತು ಸೈಟ್ ಮಾರಸಿದ್ರ ನನಗ ಒಂದು ಮೂಲಿ ಸೈಟ್ ಪುಕ್ಕಟ ಕೊಡ್ತೀನಿ ಅಂದಿದ್ದ ಚೇತನಕುಮಾರ. ಒಂಬತ್ತು ಮಾರಸೀನಿ. ನಿಂದು ಹತ್ತನೇದ್ದು."

"ಹತ್ತನೇದ್ದು," ಎಂದಳು ರಾಚವ್ವ. "ಲೇ ಯಲಗೂರ್ಯಾ, ನಿನ್ನ ಬೆನ್ನಿಗಿ ಕಟ್ಟಿಕೊಂಡು ಕುರಿ ಕಾದೀನಿ ನಾ. ನಿನ್ನ ಲೆಕ್ಕದಾಗ ನಾ ಹತ್ತನೇದ್ದು ಆದ್ನೇನ?"

ಮಧ್ಯಾಹ್ನ ಸೈಫುದ್ದೀನನ ಗಾಡಿ ಬಂದು ಹಾರ್ನು ಹೊಡೆಯಿತು. ರಾಚವ್ವ ಹೊರಗೆ ಹೋಗಿ, "ಇವತ್ತ ಕುರಿ ಕೊಡಂಗಿಲ್ಲಪ್ಪಾ, ತಪ್ಪ ತಿಳಕೋಬ್ಯಾಡ," ಎಂದಳು. ಅವನು ಡೀಸೆಲ್ಲಿನ ಮಾತು ತೆಗೆದು ಒಂದಿಷ್ಟು ಗೊಣಗಿದ, ಸುಧಾರಾಣಿ ಅವನಿಗೆ ಊಟಕ್ಕೆ ಹಾಕಿ ಸಮಾಧಾನ ಮಾಡಿ ಕಳಿಸಿದಳು. ತಮ್ಮನಿಗೆ ಮಾತ್ರ ಆ ದಿನ ಆ ಮನೆಯಲ್ಲಿ ಯಾರೂ ಊಟಕ್ಕೆ ಏಳು ಎನ್ನಲಿಲ್ಲ.

ಮೂರು ದಿನ ಬಿಟ್ಟು ಯಲಗೂರಪ್ಪಣ್ಣ ನನ್ನ ಅಂಗಡಿಗೆ ಬಂದ. ಗಡ್ಡ ಬೆಳೆದಿತ್ತು. ತಾನೇ ಕುರ್ಚಿ ಎಳೆದುಕೊಂಡು ಕೂತ.

"ಆ ನಂಬರ ಹ್ಯಾಂಗ ತಗೋಬೇಕು ಹೇಳವಾ," ಎಂದ.

"ಸೈಟಿನ ಕೆಲಸಾನ ಬಿಟ್ಟಬಿಡ್ತೀರಿ ಅಂದ್ಕೊಂಡಿದ್ದೆ."

"ಬಿಟ್ರ ಉಳಿದ ಒಂಬತ್ತು ಮಂದಿಗಿ ಯಾರು ಮುಖಾ ತೋರಸ್ಬೇಕು? ಮೊದಲ ಅವರ ಮನಿಗಿ ಹೋಗಿ ಇದ್ದದ್ದು ಇದ್ದಂಗ ಹೇಳ್ತೀನಿ. ಆಮ್ಯಾಲ ಕಾಯ್ದೆ ಪ್ರಕಾರ ದುಡೀತೀನಿ. ಕಳ್ಳನಂಗ ದುಡ್ಯಾಕ ಆಗಂಗಿಲ್ಲ ನನಗ."

ಈ ಮಾತಿಗೆ ನನ್ನ ಅರ್ಧ ಸಿಟ್ಟು ಇಳಿಯಿತು. ಉಳಿದರ್ಧ ಇಟ್ಟುಕೊಂಡೇ ಅರ್ಜಿ ತೆರೆದೆ.

"ಆಧಾರ್, ಪ್ಯಾನ್ ಕಾರ್ಡ್, ಫೋಟೋ ಬೇಕು. ನೀವು ಕೂತು ವ್ಯವಹಾರ ಮಾಡೋ ಖೋಲಿಯ ವಿಳಾಸದ ದಾಖಲೆ ಬೇಕು. ಹಿಂದಿನ ಮೂರು ವರ್ಷ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬಿದ್ರ ಅದು, ತುಂಬೋ ಗರಜ ಇದ್ದಿದ್ದಿಲ್ಲಂದ್ರ ಹಂಗಂತ ಬರದ ಕೊಡಬೇಕು. ನಿಮ್ಮ ಮ್ಯಾಲ ಕೇಸ್ ಗೀಸ್ ಏನಾರ ಇದ್ರ ಮುಚ್ಚಿಡದ ಹೇಳ್ಬೇಕು."

"ಕೇಸ್ ಇಲ್ಲ. ಅಕ್ಕನ ಸಿಟ್ಟೈತಿ."

"ಅದಕ್ಕ ಅರ್ಜ್ಯಾಗ ಜಾಗಾ ಇಲ್ರಿ. ಫೀ ಇಪ್ಪತ್ತೈದ ಸಾವಿರ, ಒಬ್ಬಾವನ ಹೆಸರಿಗಿ. ಕಂಪನಿ ಮಾಡಿದ್ರ ಇನ್ನೂ ಹೆಚ್ಚ. ಆನ್‌ಲೈನಿನ್ಯಾಗ ಕಟ್ಟೂದು, ಯಾರ ಕೈಯಾಗೂ ಕೊಡೂದಲ್ಲ."

"ಇಪ್ಪತ್ತೈದ ಸಾವಿರ!" ಯಲಗೂರಪ್ಪಣ್ಣ ಕುರ್ಚಿಯಿಂದ ಅರ್ಧ ಎದ್ದ. "ಏನವಾ, ನಾಕ ಕುರಿ ಹೋದಂಗಾತಲ್ಲ!"

"ಐದ ವರ್ಷ ನಡಿತೈತ್ರಿ. ನೋಂದಣಿ ಇಲ್ದ ಸಿಕ್ಕಬಿದ್ರ ದಿನಕ್ಕ ಹತ್ತ ಸಾವಿರ ದಂಡ ಐತಿ. ಅದು ಏರ್ಕೋತ ಹೋಗಿ ಮಾರಿದ ಆಸ್ತಿ ಕಿಮ್ಮತ್ತಿನ ನೂರಕ್ಕ ಐದರ ಮಟ ಮುಟ್ಟತೈತಿ. ಈಗ ಹೇಳ್ರಿ, ಯಾವುದು ತುಟ್ಟಿ?"

ಅವನು ತಿರುಗಿ ಕೂತ. "ತುಂಬು," ಎಂದ.

ಅರ್ಜಿ ಒಂದೇ ಸಲಕ್ಕೆ ಪಾಸಾಗಲಿಲ್ಲ. ಖೋಲಿಯ ಬಾಡಿಗೆ ಪತ್ರ ಸ್ಪಷ್ಟವಿಲ್ಲವೆಂದು ಹಿಂದಕ್ಕೆ ಬಂತು. ಖೋಲಿಯ ಮಾಲೀಕ ಗುರುಪಾದಯ್ಯನವರಿಂದ ಹೊಸ ಪತ್ರ ಬರೆಸಿಕೊಂಡು ಮತ್ತೆ ಹಾಕಿದೆವು. ಈ ನಡುವೆ ಒಬ್ಬ ಮನುಷ್ಯ ಫೋನ್ ಮಾಡಿ, "ನನಗ ಹತ್ತ ಸಾವಿರ ಕೊಡ್ರಿ, ಎರಡ ದಿನದಾಗ ನಂಬರ ತಂದ ಕೊಡ್ತೀನಿ" ಎಂದನಂತೆ. ಯಲಗೂರಪ್ಪಣ್ಣ ಅವನಿಗೆ ಏನು ಹೇಳಿದ ಎನ್ನುವುದನ್ನು ಸಂಘದ ಸಭೆಯಲ್ಲಿ ಓದುವ ಕಥೆಯಲ್ಲಿ ಬರೆಯಲು ಬರುವುದಿಲ್ಲ. ಅರ್ಜಿ ಸರಿಯಿದ್ದರೆ ಮೂವತ್ತು ದಿನದೊಳಗೆ ತೀರ್ಮಾನ ಮಾಡಬೇಕೆಂದು ಕಾಯ್ದೆಯೇ ಹೇಳುತ್ತದೆ, ನಡುವೆ ಯಾರ ಅಗತ್ಯವೂ ಇಲ್ಲ. ಹಾಗೆಯೇ ನಂಬರು ಬಂತು.

ಅಷ್ಟರಲ್ಲಿ ಅವನು ಒಂಬತ್ತು ಮನೆಗಳನ್ನೂ ಸುತ್ತಿ ಬಂದಿದ್ದ. ಹೊನವಾಡದ ದ್ರಾಕ್ಷಿ ತೋಟದ ಬಸಲಿಂಗಯ್ಯನವರು ಬಾಗಿಲಲ್ಲೇ ನಿಲ್ಲಿಸಿ ಅರ್ಧ ತಾಸು ಬೈದರಂತೆ. ಸಾರವಾಡದ ಹನಮವ್ವ ಬೈಯಲಿಲ್ಲ, ಅತ್ತಳಂತೆ. "ಬೈದದ್ದ ಚಲೋ ಇತ್ತವಾ, ಅತ್ತದ್ದ ತಡ್ಕೊಳ್ಳಾಕ ಆಗಲಿಲ್ಲ," ಎಂದು ನನ್ನ ಮುಂದೆ ಹೇಳಿದ. ಎಲ್ಲರೂ ಕೂಡಿ ಚೇತನಕುಮಾರರ ಹತ್ತಿರ ಹೋದರು. ಮೂವರಿಗೆ ಹಣ ತಿರುಗಿ ಬಂತು. ಆರು ಜನ ರೇರಾ ಪ್ರಾಧಿಕಾರಕ್ಕೆ ದೂರು ಕೊಟ್ಟಿದ್ದಾರೆ, ನಾನೇ ತುಂಬಿಕೊಟ್ಟೆ. ಇನ್ನೂ ನಡೆಯುತ್ತಿದೆ. ಟಿಕೋಟಾ ರಸ್ತೆಯಲ್ಲಿ ಆ ಎಂಟು ಎಕರೆಗೆ ಇವತ್ತಿಗೂ ನಂಬರು ಬಂದಿಲ್ಲ, ಬಿಳಿ ಕಲ್ಲುಗಳ ನಡುವೆ ಜಾಲಿ ಬೆಳೆದಿದೆ.

ನಂಬರು ಬಂದ ಮೇಲೆ ಯಲಗೂರಪ್ಪಣ್ಣ ಅಕ್ಕನ ಮನೆಗೆ ಹೋದ. ನೋಂದಣಿಯಾದ ಬೇರೊಂದು ಲೇಔಟಿನ ಎಲ್ಲ ಕಾಗದ ಒಂದು ಬಟ್ಟೆಯ ಪಿಶವಿಯಲ್ಲಿ ಹಾಕಿಕೊಂಡು ಹೋಗಿದ್ದ. ಆ ದಿನ ನಾನು ಅಲ್ಲಿರಲಿಲ್ಲ, ಸುಧಾರಾಣಿ ಹೇಳಿದ್ದನ್ನು ಹೇಳುತ್ತೇನೆ. ರಾಚವ್ವ ತಮ್ಮನನ್ನು ಹೊಸ್ತಿಲ ಹೊರಗೇ ನಿಲ್ಲಿಸಿದಳಂತೆ.

"ನಂಬರ ಐತೇನ?"

"ಐತಕ್ಕಾ. ನಂದೂ ಐತಿ, ಲೇಔಟಿಂದೂ ಐತಿ."

"ತೋರಸು."

ಸುಧಾರಾಣಿ ಎರಡೂ ನಂಬರನ್ನು ತನ್ನ ಫೋನಿನಲ್ಲಿ ಹಾಕಿ ನೋಡಿದಳು. ಮಾಲೀಕರ ಹೆಸರು, ಜಾಗದ ಸರ್ವೆ ನಂಬರು, ಮಂಜೂರಾದ ನಕ್ಷೆ, ಕೆಲಸ ಎಂದಿಗೆ ಮುಗಿಯುತ್ತದೆ, ಎಲ್ಲ ಅಲ್ಲೇ ಇತ್ತು. ಒಂದೊಂದನ್ನೂ ಅವ್ವನಿಗೆ ಓದಿ ಹೇಳಿದಳು. ರಾಚವ್ವ ಅಷ್ಟಕ್ಕೇ ಬಿಡಲಿಲ್ಲ. ಮರುದಿನ ತಾನೇ ಬಸ್ ಹತ್ತಿ ಹೋಗಿ, ನೋಯುವ ಕಾಲು ಎಳೆದುಕೊಂಡು ಜಾಗದ ನಾಲ್ಕೂ ಮೂಲೆ ಅಡ್ಡಾಡಿ ಬಂದಳು. ವಕೀಲರಿಗೆ ಕಾಗದ ತೋರಿಸಿದಳು. ಕಿಮ್ಮತ್ತಿನ ಹತ್ತರಲ್ಲಿ ಒಂದು ಪಾಲಿಗಿಂತ ಒಂದು ಪೈಸೆ ಹೆಚ್ಚಿಗೆ ಕೊಡುವ ಮೊದಲು ಕರಾರು ಪತ್ರ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಆಗಬೇಕೆಂದು ಹಟ ಹಿಡಿದಳು. ಅದೂ ಕಾಯ್ದೆಯಲ್ಲೇ ಇದೆ. ಯಲಗೂರಪ್ಪಣ್ಣ ತಾನೇ ಓಡಾಡಿ ಎಲ್ಲ ಮಾಡಿಸಿಕೊಟ್ಟ.

ಈ ಸೈಟು ಮೊದಲಿನದಕ್ಕಿಂತ ಸಣ್ಣದು, ಮೂವತ್ತೈದು ಕುರಿ ಮಾರಿದಳು. ಇಪ್ಪತ್ತೈದು ಉಳಿಸಿಕೊಂಡಳು. ಈಗ ಅಲ್ಲಿ ಪಾಯ ಹಾಕಿ ಆಗಿದೆ.

ಕರಾರಿನ ದಿನ ಆಫೀಸಿನ ಹೊರಗೆ ಬೇವಿನ ಗಿಡದ ಕೆಳಗೆ ನಾನೂ ಇದ್ದೆ. ಯಲಗೂರಪ್ಪಣ್ಣ ಅಕ್ಕನಿಗೆ ನೀರಿನ ಬಾಟಲಿ ಕೊಡುತ್ತಾ, "ಈಗರ ನನ್ನ ಮ್ಯಾಲ ನಂಬಿಕಿ ಬಂತೇನಕ್ಕಾ?" ಎಂದು ಕೇಳಿದ.

ರಾಚವ್ವ ನೀರು ಕುಡಿದು ಬಾಯಿ ಒರೆಸಿಕೊಂಡಳು. "ನೀ ನನ್ನ ತಮ್ಮ ಅಂತ ತಗೊಂಡಿಲ್ಲ ತಿಳಕೋ. ಎಲ್ಲಾ ನೋಡಿ ತಗೊಂಡೀನಿ," ಎಂದಳು. ಆಮೇಲೆ ಬುತ್ತಿ ಬಿಚ್ಚಿ, "ಹಸದಿರಬೇಕು, ಕುಂಡ್ರು, ರೊಟ್ಟಿ ತಿನ್ನು," ಎಂದಳು. ಆ ಮನುಷ್ಯ ಎಲ್ಲರ ಎದುರಿಗೇ ಕಣ್ಣೀರು ಹಾಕಿದ.

ಈಗ ನನ್ನ ಅಂಗಡಿಯ ಗೋಡೆಗೆ ಒಂದು ಹಾಳೆ ಹಚ್ಚಿದ್ದೇನೆ. ರೇರಾ ನಂಬರು ಇಲ್ಲದೆ ಸೈಟಿನ ಕಾರ್ಡು, ಹ್ಯಾಂಡ್‌ಬಿಲ್ಲು ಮುದ್ರಿಸುವುದಿಲ್ಲ ಎಂದು. ಗಿರಾಕಿ ಸ್ವಲ್ಪ ಕಡಿಮೆಯಾಗಿದ್ದಾರೆ. ಆಗಲಿ.

ಅಕ್ಕಂದಿರೇ, ತಾಯಂದಿರೇ, ಸೈಟು ತೋರಿಸಲು ಯಾರೇ ಬರಲಿ, ಬೀಗರಾಗಲಿ, ಒಡಹುಟ್ಟಿದವರಾಗಲಿ, ಎರಡು ನಂಬರು ಕೇಳಿರಿ. ಒಂದು ಲೇಔಟಿನದು, ಇನ್ನೊಂದು ಅವರದು. ಕರ್ನಾಟಕ ರೇರಾ ಜಾಲತಾಣದಲ್ಲಿ ಎರಡನ್ನೂ ಹಾಕಿ ನೋಡಿರಿ, ನಿಮಗೆ ಬಾರದಿದ್ದರೆ ಓದುವ ಮಕ್ಕಳಿಂದ ನೋಡಿಸಿರಿ. ನಂಬರು ಇದೆ ಎಂದು ಕಣ್ಣು ಮುಚ್ಚಬೇಡಿ, ಕಾಗದವನ್ನು ತಿಳಿದವರಿಗೆ ತೋರಿಸಿ, ಜಾಗಕ್ಕೆ ನೀವೇ ಹೋಗಿ ಬನ್ನಿ. ಕೇಳಿದ್ದಕ್ಕೆ ಯಾರಾದರೂ ಸಿಟ್ಟಾದರೆ ಆಗಲಿ, ಅವರ ಸಿಟ್ಟು ನಾಲ್ಕು ದಿನದ್ದು.

ಇನ್ನು ದಲಾಲಿ ಮಾಡುವ ಅಣ್ಣತಮ್ಮಂದಿರೇ, ನಿಮ್ಮಲ್ಲಿ ಬಹಳ ಜನ ಕೆಟ್ಟವರಲ್ಲ ಎಂದು ನನಗೆ ಗೊತ್ತು. ಯಲಗೂರಪ್ಪಣ್ಣನೂ ಕೆಟ್ಟವನಾಗಿರಲಿಲ್ಲ. ಹತ್ತಿರದ ಆನ್‌ಲೈನ್ ಕೇಂದ್ರಕ್ಕೆ ಹೋಗಿ, ಇವತ್ತಿನ ಶುಲ್ಕ ಎಷ್ಟಿದೆ ಎಂದು ಜಾಲತಾಣದಲ್ಲೇ ನೋಡಿ, ನಿಮ್ಮ ಹೆಸರಿನಲ್ಲಿ ಅರ್ಜಿ ಹಾಕಿರಿ. ನಂಬರು ಬರುವವರೆಗೆ ಒಂದು ಸೈಟನ್ನೂ ತೋರಿಸಬೇಡಿ. ನಿಮ್ಮ ಮಾತೊಂದನ್ನೇ ನಂಬಿ ಹಟ್ಟಿಯ ಕೊನೆಯ ಕುರಿಗೂ ನೀಲಿ ಗುರುತು ಹಾಕಿಸುವ ಒಬ್ಬ ಅಕ್ಕ ನಿಮಗೂ ಇರುತ್ತಾಳೆ.